ನೀರಿನ ಪಿಎಚ್, ರಕ್ತದ ಪಿಎಚ್: ವರದಿಯಲ್ಲಿರುವ ಆ ಅಂಕಿ ಏನು ಹೇಳುತ್ತದೆ?

ಎರಡು ಗಾಜಿನ ಲೋಟಗಳಲ್ಲಿ ನೀರು. ಎರಡಕ್ಕೂ ನಾಲ್ಕು ನಾಲ್ಕು ಹನಿ ಬಣ್ಣದ ದ್ರಾವಣ ಹಾಕುತ್ತಾರೆ. ಮನೆಯ ಆರ್‌ಒ ನೀರು ಹಳದಿಯಾಗುತ್ತದೆ, ಯಂತ್ರದಿಂದ ಬಂದ ನೀರು ನೇರಳೆಯಾಗುತ್ತದೆ. "ನೋಡಿ, ಇಷ್ಟು ದಿನ ನೀವು ಕುಡಿದದ್ದು ಆಮ್ಲ" ಎನ್ನುತ್ತಾರೆ ಮಾರಾಟಗಾರರು. ಇಂಥ ಪ್ರದರ್ಶನವನ್ನು ನಿಮ್ಮ ಹೌಸಿಂಗ್ ಸೊಸೈಟಿಯಲ್ಲೋ ಮೊಬೈಲ್ ವಿಡಿಯೋದಲ್ಲೋ ನೀವೂ ನೋಡಿರಬಹುದು.

ಆರೋಗ್ಯವಾಗಿರುವವರು ಇದನ್ನು ನೋಡಿ ಮರೆತುಬಿಡಬಹುದು. ಆದರೆ ಮನೆಯಲ್ಲಿ ಕಿಡ್ನಿ ಕಾಯಿಲೆಯ ತಂದೆಯೋ, ಮಧುಮೇಹದ ತಾಯಿಯೋ ಇದ್ದು, "ರಕ್ತದಲ್ಲಿ ಆಸಿಡ್ ಜಾಸ್ತಿಯಾಗಿದೆ" ಎಂದು ವೈದ್ಯರು ಹೇಳಿದ್ದರೆ ಮಾತು ಬೇರೆ. ಕ್ಷಾರದ ನೀರು ಕುಡಿಸಿದರೆ ಆಮ್ಲ ಕಡಿಮೆಯಾಗಬಹುದಲ್ಲವೇ ಎಂಬ ಆಸೆ ಸಹಜ. ಕೆಲವರು ವೈದ್ಯರು ಬರೆದ ಮಾತ್ರೆ ನಿಲ್ಲಿಸಿ ಆ ನೀರನ್ನೇ ನಂಬುತ್ತಾರೆ. ಅಪಾಯ ಶುರುವಾಗುವುದು ಅಲ್ಲಿ.

ಈ ಪ್ರಶ್ನೆಗೆ ಉತ್ತರ ನೀರಿನೊಳಗೇ ಇದೆ. ನೀರು ಹೇಗೆ ವರ್ತಿಸುತ್ತದೆ ಎಂದು ತಿಳಿದರೆ ಆ ಬಣ್ಣದ ಹನಿಗಳ ಅರ್ಥವೂ ತಿಳಿಯುತ್ತದೆ, ಆಸ್ಪತ್ರೆಯ ವರದಿಯ ಅಂಕಿಗಳೂ ಅರ್ಥವಾಗುತ್ತವೆ.

ಶುದ್ಧ ನೀರಿನಲ್ಲಿ ಏನು ನಡೆಯುತ್ತದೆ?

ನೀರಿನ ಒಂದು ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಇರುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಈ ಅಣುಗಳು ಸುಮ್ಮನೆ ಇರುವುದಿಲ್ಲ. ಸದಾ ಒಂದಕ್ಕೊಂದು ತಾಗುತ್ತಾ, ಸೆಳೆಯುತ್ತಾ ಇರುತ್ತವೆ. ಹೀಗೆ ತಾಗುವಾಗ ಅಪರೂಪಕ್ಕೊಮ್ಮೆ ಒಂದು ಅಣುವಿನ ಹೈಡ್ರೋಜನ್ ತನ್ನ ಎಲೆಕ್ಟ್ರಾನನ್ನು ಅಲ್ಲೇ ಬಿಟ್ಟು ಪಕ್ಕದ ಅಣುವಿಗೆ ಜಿಗಿಯುತ್ತದೆ. ಕೊಟ್ಟ ಅಣು ಹೈಡ್ರಾಕ್ಸೈಡ್ ಅಯಾನಾಗಿ ಉಳಿಯುತ್ತದೆ, ಅದರ ಮೇಲೆ ಋಣ ವಿದ್ಯುದಂಶವಿರುತ್ತದೆ. ಪಡೆದ ಅಣು ಹೈಡ್ರೋನಿಯಂ ಅಯಾನಾಗುತ್ತದೆ, ಅದರ ಮೇಲೆ ಧನ ವಿದ್ಯುದಂಶವಿರುತ್ತದೆ. ಮಾತಿನ ಅನುಕೂಲಕ್ಕೆ ಇದನ್ನು ಹೈಡ್ರೋಜನ್ ಅಯಾನು ಎಂದೇ ಕರೆಯುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಎರಡೂ ಮತ್ತೆ ಕೂಡಿ ನೀರಾಗುತ್ತವೆ, ಅಷ್ಟರಲ್ಲಿ ಇನ್ನೆಲ್ಲೋ ಬೇರೆ ಜೋಡಿ ಒಡೆದಿರುತ್ತದೆ. ಇದನ್ನೇ ನೀರಿನ ಸ್ವಯಂ ಅಯಾನೀಕರಣ ಎನ್ನುತ್ತಾರೆ.

ಹೀಗೆ ಒಡೆದಿರುವ ಅಣುಗಳ ಪ್ರಮಾಣ ತೀರಾ ಕಡಿಮೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಯಾವುದೇ ಕ್ಷಣದಲ್ಲಿ ಎಣಿಸಿದರೂ ಸುಮಾರು 55 ಕೋಟಿ ಅಣುಗಳಲ್ಲಿ ಒಂದು ಮಾತ್ರ ಒಡೆದ ಸ್ಥಿತಿಯಲ್ಲಿರುತ್ತದೆ. ಆದರೆ ಆಮ್ಲ, ಕ್ಷಾರ ಎಂಬ ಎಲ್ಲ ಮಾತೂ ಈ ಚಿಕ್ಕ ಪಾಲಿನ ಸುತ್ತಲೇ ತಿರುಗುತ್ತದೆ.

ಒಂದು ನಿಯಮವಿದೆ. ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಸಾಂದ್ರತೆಗಳನ್ನು ಗುಣಿಸಿದರೆ ಬರುವ ಮೊತ್ತ, ಉಷ್ಣತೆ ಬದಲಾಗದಿದ್ದರೆ, ಸ್ಥಿರವಾಗಿರುತ್ತದೆ. ತಕ್ಕಡಿಯಂತೆ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ನಿಂಬೆರಸ ಹಾಕಿದರೆ ಹೈಡ್ರೋಜನ್ ಅಯಾನು ಹೆಚ್ಚುತ್ತದೆ, ಹೈಡ್ರಾಕ್ಸೈಡ್ ಕಡಿಮೆಯಾಗುತ್ತದೆ. ಸೋಡಾ ಪುಡಿ ಹಾಕಿದರೆ ಇದರ ವಿರುದ್ಧ. ಮೊದಲನೆಯದು ಆಮ್ಲೀಯ, ಎರಡನೆಯದು ಕ್ಷಾರೀಯ.

ಪಿಎಚ್ ಅಂಕಿ ಎಲ್ಲಿಂದ ಬಂತು?

25 ಡಿಗ್ರಿಯ ಶುದ್ಧ ನೀರಿನಲ್ಲಿ ಒಂದು ಲೀಟರಿಗೆ 0.0000001 ಮೋಲ್ ಹೈಡ್ರೋಜನ್ ಅಯಾನು ಇರುತ್ತದೆ. ಡಜನ್ ಎಂದರೆ ಹನ್ನೆರಡು ಎನ್ನುವಂತೆ, ಮೋಲ್ ಕಣಗಳನ್ನು ಎಣಿಸುವ ಒಂದು ದೊಡ್ಡ ಅಳತೆ. ಇಷ್ಟು ಸೊನ್ನೆಗಳನ್ನು ಬರೆಯುವುದು ಕಷ್ಟ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಜ್ಞಾನಿ ಸೋರೆನ್ ಸೋರೆನ್ಸನ್ ಇದಕ್ಕೊಂದು ಸುಲಭ ದಾರಿ ಕಂಡುಕೊಂಡರು. ಆ ಸಂಖ್ಯೆಯಲ್ಲಿ 1 ಎಷ್ಟನೆಯ ದಶಮಾಂಶ ಸ್ಥಾನದಲ್ಲಿದೆಯೋ ಅದನ್ನೇ ಅಂಕಿಯಾಗಿ ಹೇಳುವುದು. ಇಲ್ಲಿ ಅದು ಏಳನೆಯ ಸ್ಥಾನದಲ್ಲಿದೆ. ಹಾಗಾಗಿ ಶುದ್ಧ ನೀರಿನ ಪಿಎಚ್ 7.

ಇದರಿಂದ ಎರಡು ವಿಷಯ ನೆನಪಿಡಬೇಕು. ಒಂದು, ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚು. ಎರಡು, ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಹೆಚ್ಚುತ್ತದೆ, 0.3 ಇಳಿದರೆ ಎರಡು ಪಟ್ಟು. ಈ ಎರಡನೆಯ ಮಾತು ವರದಿ ಓದುವಾಗ ಬಹಳ ಮುಖ್ಯ.

"7 ಎಂದರೆ ತಟಸ್ಥ" ಎಂಬುದು 25 ಡಿಗ್ರಿಗೆ ಮಾತ್ರ ಸರಿ. ನೀರು ಬಿಸಿಯಾದಂತೆ ಹೆಚ್ಚು ಅಣುಗಳು ಒಡೆಯುತ್ತವೆ. ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.8. ಹಾಗೆಂದು ಬಿಸಿನೀರು ಆಮ್ಲವಲ್ಲ. ಎರಡೂ ಬಗೆಯ ಅಯಾನುಗಳು ಸಮನಾಗಿಯೇ ಹೆಚ್ಚಿರುತ್ತವೆ. ತಟಸ್ಥ ಎಂದರೆ ಆ ಸಮತೆ, 7 ಎಂಬ ಅಂಕಿಯಲ್ಲ.

ರಕ್ತದಲ್ಲಿ 0.1 ಕೂಡ ದೊಡ್ಡದು

ರಕ್ತದ ಪಿಎಚ್ ಸಾಮಾನ್ಯವಾಗಿ 7.35ರಿಂದ 7.45ರ ನಡುವೆ ಇರುತ್ತದೆ. 7.4ರಲ್ಲಿ ಒಂದು ಲೀಟರ್ ರಕ್ತದಲ್ಲಿ ಹೈಡ್ರೋಜನ್ ಅಯಾನು ಸುಮಾರು 40 ನ್ಯಾನೋಮೋಲ್, ಅಂದರೆ ಒಂದು ಮೋಲ್‌ನ ನೂರು ಕೋಟಿ ಪಾಲಿನಲ್ಲಿ 40 ಪಾಲು. ಪಿಎಚ್ 7.1ಕ್ಕೆ ಇಳಿದರೆ ಅದು 80 ಆಗುತ್ತದೆ, 7.0ಕ್ಕೆ ಇಳಿದರೆ 100.

"ಬರೀ 0.3 ಅಲ್ಲವೇ ಇಳಿದದ್ದು, ವೈದ್ಯರು ಯಾಕೆ ಐಸಿಯುಗೆ ಸೇರಿಸಬೇಕು ಎನ್ನುತ್ತಾರೆ?" ಎಂದು ಮನೆಯವರು ಕೇಳುವುದುಂಟು. ಉತ್ತರ ಇದೇ: ಅಷ್ಟರಲ್ಲಿ ಆಮ್ಲ ದುಪ್ಪಟ್ಟಾಗಿದೆ. ಹೃದಯದ ಬಡಿತ, ರಕ್ತದೊತ್ತಡ, ಪೊಟ್ಯಾಸಿಯಂ ಮಟ್ಟ, ಎಚ್ಚರ ಎಲ್ಲವೂ ಇದರಿಂದ ಏರುಪೇರಾಗಬಹುದು. ಹೈಡ್ರೋಜನ್ ಅಯಾನು ದೇಹದ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಆಕಾರ ಮತ್ತು ಕೆಲಸವನ್ನು ಬದಲಿಸುತ್ತದೆ.

ದೇಹದ ಇಬ್ಬರು ಕಾವಲುಗಾರರು

ಬದುಕಿರುವ ದೇಹ ಸದಾ ಆಮ್ಲ ತಯಾರಿಸುತ್ತಲೇ ಇರುತ್ತದೆ. ಆಹಾರ ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್ ನೀರಿನೊಂದಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಅದು ಒಡೆದು ಹೈಡ್ರೋಜನ್ ಅಯಾನು ಮತ್ತು ಬೈಕಾರ್ಬೊನೇಟ್ ಆಗುತ್ತದೆ. ಈ ಕ್ರಿಯೆ ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಹಾಗಾಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದರೆ ಆಮ್ಲವೂ ಕಡಿಮೆಯಾಗುತ್ತದೆ.

ಶ್ವಾಸಕೋಶ ಮೊದಲ ಕಾವಲುಗಾರ. ದಿನಕ್ಕೆ ಸುಮಾರು 15,000 ಮಿಲಿಮೋಲ್ ಇಂಗಾಲದ ಡೈಆಕ್ಸೈಡನ್ನು ಅದು ಹೊರಹಾಕುತ್ತದೆ. ರಕ್ತದಲ್ಲಿ ಆಮ್ಲ ಹೆಚ್ಚಿದರೆ ನಿಮಿಷಗಳಲ್ಲೇ ಉಸಿರಾಟ ಜೋರಾಗುತ್ತದೆ. ರೋಗಿ ಓಡಿಬಂದವರಂತೆ ಆಳವಾಗಿ ಉಸಿರಾಡುತ್ತಿದ್ದರೆ ಅದು ಯಾವಾಗಲೂ ಎದೆಯ ಕಾಯಿಲೆಯೇ ಆಗಿರಬೇಕಿಲ್ಲ, ರಕ್ತದ ಆಮ್ಲವನ್ನು ಹೊರದೂಡಲು ದೇಹ ಪಡುತ್ತಿರುವ ಪಾಡೂ ಆಗಿರಬಹುದು.

ಕಿಡ್ನಿ ಎರಡನೆಯ ಕಾವಲುಗಾರ. ಪ್ರೋಟೀನ್ ಜೀರ್ಣವಾದಾಗ ಬರುವ ಗಂಧಕಾಮ್ಲದಂಥವು ಉಸಿರಿನಲ್ಲಿ ಹೋಗುವುದಿಲ್ಲ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1 ಮಿಲಿಮೋಲ್‌ನಷ್ಟು ಇಂಥ ಆಮ್ಲ ಉಂಟಾಗುತ್ತದೆ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 60 ಮಿಲಿಮೋಲ್. ಇದನ್ನು ಕಿಡ್ನಿ ಮೂತ್ರದಲ್ಲಿ ಕಳಿಸುತ್ತದೆ, ಖರ್ಚಾದ ಬೈಕಾರ್ಬೊನೇಟನ್ನು ಹೊಸದಾಗಿ ತಯಾರಿಸಿ ರಕ್ತಕ್ಕೆ ಕೊಡುತ್ತದೆ. ಈ ಕೆಲಸಕ್ಕೆ ಗಂಟೆಗಳು, ದಿನಗಳು ಬೇಕು. ಕಿಡ್ನಿ ಸೋತಾಗ ಇದೇ ಆಮ್ಲ ಒಳಗೆ ಉಳಿಯುತ್ತದೆ. ಬಹಳ ಕಾಲ ಹೀಗಾದರೆ ಮೂಳೆ, ಸ್ನಾಯು ಸವೆಯುತ್ತವೆ. ಡಯಾಲಿಸಿಸ್ ಯಂತ್ರಕ್ಕೆ ಜೋಡಿಸುವ ದ್ರಾವಣದಲ್ಲಿ ಬೈಕಾರ್ಬೊನೇಟ್ ಇರುವುದು ಈ ಕೊರತೆ ತುಂಬಲೆಂದೇ. ಡಯಾಲಿಸಿಸ್ ಒಂದು ಸರದಿ ತಪ್ಪಿಸಿದರೆ ನೀರಿನಂಶ ಮಾತ್ರವಲ್ಲ, ಆಮ್ಲವೂ ಪೊಟ್ಯಾಸಿಯಮ್ಮೂ ಏರುತ್ತವೆ.

ಎಬಿಜಿ ವರದಿಯಲ್ಲಿ ನೋಡಬೇಕಾದ ಮೂರು ಅಂಕಿ

ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆಗೆ ಎಬಿಜಿ ಎನ್ನುತ್ತಾರೆ. ಅದರಲ್ಲಿ ಅಂಕಿಗಳು ಬಹಳವಿದ್ದರೂ ಈ ವಿಷಯಕ್ಕೆ ಮೂರು ಮುಖ್ಯ:

• ಪಿಎಚ್: ಸಾಮಾನ್ಯ ಮಟ್ಟ 7.35ರಿಂದ 7.45. ಆಮ್ಲ ಹೆಚ್ಚಿದೆಯೇ, ಕಡಿಮೆಯಿದೆಯೇ ಎಂದು ಇದು ಹೇಳುತ್ತದೆ.

• ಇಂಗಾಲದ ಡೈಆಕ್ಸೈಡ್: ಸಾಮಾನ್ಯ ಮಟ್ಟ 35ರಿಂದ 45. ಇದು ಶ್ವಾಸಕೋಶದ ಲೆಕ್ಕ.

• ಬೈಕಾರ್ಬೊನೇಟ್: ಸಾಮಾನ್ಯ ಮಟ್ಟ 22ರಿಂದ 26. ಇದು ಕಿಡ್ನಿ ಮತ್ತು ಉಳಿದ ದೇಹದ ಲೆಕ್ಕ.

ಒಂದು ಉದಾಹರಣೆ. ಪಿಎಚ್ 7.29, ಇಂಗಾಲದ ಡೈಆಕ್ಸೈಡ್ 30, ಬೈಕಾರ್ಬೊನೇಟ್ 14. ಇಲ್ಲಿ ಬೈಕಾರ್ಬೊನೇಟ್ ಖರ್ಚಾಗಿದೆ, ಶ್ವಾಸಕೋಶ ಜೋರಾಗಿ ಉಸಿರಾಡಿ ಸಹಾಯಕ್ಕೆ ಬಂದಿದೆ. ಕಿಡ್ನಿ ವೈಫಲ್ಯ, ಮಧುಮೇಹದ ಕೀಟೋ ಆಮ್ಲತೆ, ಜೋರು ಭೇದಿ, ತೀವ್ರ ಸೋಂಕಿನಲ್ಲಿ ಹೀಗೆ ಕಾಣಬಹುದು.

ಇನ್ನೊಂದು. ಪಿಎಚ್ 7.30, ಇಂಗಾಲದ ಡೈಆಕ್ಸೈಡ್ 60, ಬೈಕಾರ್ಬೊನೇಟ್ 29. ಇಲ್ಲಿ ಪಿಎಚ್ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಕಾರಣ ಬೇರೆ. ಉಸಿರು ಸರಿಯಾಗಿ ಹೊರಹೋಗುತ್ತಿಲ್ಲ. ಸಿಒಪಿಡಿ ಇರುವವರಲ್ಲಿ ಇದು ಕಾಣುತ್ತದೆ. ಅವರಲ್ಲಿ ಹಲವರಿಗೆ ಆಕ್ಸಿಜನ್ ಮಟ್ಟವನ್ನು 88ರಿಂದ 92 ಪ್ರತಿಶತದಲ್ಲಿ ಇಡಲು ವೈದ್ಯರು ಹೇಳುತ್ತಾರೆ. ಆತಂಕಗೊಂಡು ಮನೆಯಲ್ಲಿ ಆಕ್ಸಿಜನ್ ಹರಿವನ್ನು ತಾವೇ ಹೆಚ್ಚಿಸಿದರೆ ಇಂಗಾಲದ ಡೈಆಕ್ಸೈಡ್ ಇನ್ನೂ ಏರಿ ರೋಗಿ ಮಂಕಾಗಬಹುದು.

ಎರಡು ವರದಿಗಳಲ್ಲೂ "ಆಮ್ಲತೆ" ಎಂದೇ ಬರೆದಿರುತ್ತದೆ. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಒಂದೇ ಬಗೆಯ ನೀರು ಎರಡಕ್ಕೂ ಮದ್ದಾಗಲು ಸಾಧ್ಯವಿಲ್ಲ.

ಈಗ ಕ್ಷಾರೀಯ ನೀರಿನ ಲೆಕ್ಕ ಹಾಕೋಣ

ಪಿಎಚ್ 9ರ ಒಂದು ಲೀಟರ್ ನೀರಿನಲ್ಲಿ ಹೈಡ್ರಾಕ್ಸೈಡ್ ಎಷ್ಟಿರುತ್ತದೆ? 0.01 ಮಿಲಿಮೋಲ್ ಮಾತ್ರ. ಶುದ್ಧ ನೀರಿಗಿಂತ ನೂರು ಪಟ್ಟು ಹೆಚ್ಚು ಎಂಬುದು ನಿಜ. ಆದರೆ ತೀರಾ ಸಣ್ಣದರ ನೂರು ಪಟ್ಟೂ ಸಣ್ಣದೇ.

ಆ ನೀರು ಮೊದಲು ಸೇರುವುದು ಹೊಟ್ಟೆಯನ್ನು. ಅಲ್ಲಿನ ಆಮ್ಲರಸದ ಪಿಎಚ್ 2 ಎಂದಿಟ್ಟುಕೊಳ್ಳಿ. ಒಂದು ಲೀಟರ್ ನೀರಿನ ಅಷ್ಟೂ ಹೈಡ್ರಾಕ್ಸೈಡನ್ನು ಇಲ್ಲವಾಗಿಸಲು ಒಂದು ಮಿಲಿಲೀಟರ್ ಆಮ್ಲರಸ, ಅಂದರೆ ಸುಮಾರು 20 ಹನಿ, ಸಾಕು.

ಹೊಟ್ಟೆಯನ್ನು ದಾಟಿ ರಕ್ತ ಸೇರಿತು ಎಂದೇ ಇಟ್ಟುಕೊಂಡರೂ ಲೆಕ್ಕ ಕೂಡುವುದಿಲ್ಲ. 60 ಕಿಲೋ ತೂಕದವರ ಒಂದು ದಿನದ 60 ಮಿಲಿಮೋಲ್ ಆಮ್ಲವನ್ನು ಆ ಹೈಡ್ರಾಕ್ಸೈಡಿನಿಂದ ಸರಿದೂಗಿಸಲು 6,000 ಲೀಟರ್ ನೀರು ಬೇಕು. ಅದು ಒಂದು ಟ್ಯಾಂಕರ್ ನೀರು! ಇನ್ನೊಂದು ಕಡೆ, ಕಿಡ್ನಿ ರೋಗಿಗಳಿಗೆ ಬರೆಯುವ 500 ಮಿಲಿಗ್ರಾಂನ ಒಂದು ಸೋಡಿಯಂ ಬೈಕಾರ್ಬೊನೇಟ್ ಮಾತ್ರೆಯಲ್ಲಿ ಸುಮಾರು 6 ಮಿಲಿಮೋಲ್ ಕ್ಷಾರವಿದೆ. ಅಂದರೆ ಒಂದು ಚಿಕ್ಕ ಮಾತ್ರೆ ಆ ನೀರಿನ 600 ಲೀಟರಿಗೆ ಸಮ. ಮಾತ್ರೆ ನಿಲ್ಲಿಸಿ ನೀರು ಕುಡಿಸುವುದು ಯಾಕೆ ಅಪಾಯ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ನೀರಿನಲ್ಲಿ ಬೈಕಾರ್ಬೊನೇಟ್‌ನಂಥ ಲವಣಗಳು ಕರಗಿದ್ದರೆ ಅವುಗಳ ಕ್ಷಾರ ಬೇರೆ. ಆದರೆ ಅವು ಸಾಮಾನ್ಯ ನಲ್ಲಿ ನೀರಿನಲ್ಲೂ ಇರುತ್ತವೆ, ಅವೆಷ್ಟಿವೆ ಎಂದು ಪಿಎಚ್ ಅಂಕಿ ಹೇಳುವುದಿಲ್ಲ. ಬಣ್ಣದ ಹನಿಯೂ ಹೇಳುವುದಿಲ್ಲ. ಆ ನೇರಳೆ ನೀರಿಗೆ ಸ್ಟ್ರಾ ಇಟ್ಟು ಸ್ವಲ್ಪ ಹೊತ್ತು ಊದಿದರೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಬಣ್ಣ ಇಳಿಯತೊಡಗುತ್ತದೆ. ಊದಿದ ಉಸಿರಿಗೇ ಸೋಲುವ ಕ್ಷಾರ ಅದು.

ಹಾಗಾದರೆ ಮನೆಯ ಆರ್‌ಒ ನೀರು ಹಳದಿಯಾದದ್ದು ಯಾಕೆ? ಲವಣಗಳು ಕಡಿಮೆ ಇರುವ ನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಾಗ ಪಿಎಚ್ ಬೇಗ ಇಳಿಯುತ್ತದೆ. ಪೂರ್ತಿ ಶುದ್ಧವಾದ ನೀರನ್ನು ಗಾಳಿಗೆ ತೆರೆದಿಟ್ಟರೆ ಪಿಎಚ್ ಸುಮಾರು 5.6ಕ್ಕೆ ಬರುತ್ತದೆ. ಅಷ್ಟರಲ್ಲಿರುವ ಆಮ್ಲ ಲೆಕ್ಕಕ್ಕೇ ಬಾರದಷ್ಟು, ಅದರಿಂದ ರಕ್ತ ಆಮ್ಲವಾಗುವುದಿಲ್ಲ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ನಡುವೆ ಇರಬೇಕು ಎನ್ನುವುದು ಭಾರತೀಯ ಮಾನಕ ಬ್ಯೂರೋದ ಮಾನದಂಡ.

"ಕ್ಯಾನ್ಸರ್ ಆಮ್ಲದಲ್ಲಿ ಬೆಳೆಯುತ್ತದೆ, ಕ್ಷಾರದ ನೀರಿನಲ್ಲಿ ಸಾಯುತ್ತದೆ" ಎಂಬ ಸಂದೇಶಗಳೂ ಓಡಾಡುತ್ತವೆ. ಗಡ್ಡೆಯ ಸುತ್ತ ಆಮ್ಲೀಯ ವಾತಾವರಣ ಇರುವುದುಂಟು, ಆದರೆ ಅದನ್ನು ಉಂಟುಮಾಡುವುದು ಗಡ್ಡೆಯೇ. ನಾವು ಕುಡಿಯುವ ನೀರು ರಕ್ತದ ಪಿಎಚ್ ಅನ್ನೇ ಬದಲಿಸಲಾರದು, ಇನ್ನು ಗಡ್ಡೆಯೊಳಗಿನದನ್ನು ಬದಲಿಸುವುದು ದೂರದ ಮಾತು. ಮೂತ್ರಕ್ಕೆ ಪಟ್ಟಿ ಅದ್ದಿ "ದೇಹ ಕ್ಷಾರವಾಯಿತು" ಎನ್ನುವುದೂ ಸರಿಯಲ್ಲ. ಮೂತ್ರದ ಪಿಎಚ್ 4.5ರಿಂದ 8ರವರೆಗೆ ಏರಿಳಿಯುತ್ತದೆ. ರಕ್ತದ ಪಿಎಚ್ ಸ್ಥಿರವಾಗಿರಲೆಂದೇ ಕಿಡ್ನಿ ಮೂತ್ರದ ಪಿಎಚ್ ಬದಲಿಸುತ್ತದೆ.

ಹಾಗಾದರೆ ಅಡುಗೆ ಸೋಡಾ?

ಅಡುಗೆ ಸೋಡಾ ಮತ್ತು ವೈದ್ಯರು ಬರೆಯುವ ಮಾತ್ರೆ ಎರಡೂ ಸೋಡಿಯಂ ಬೈಕಾರ್ಬೊನೇಟೇ. ಹಾಗಾಗಿ ಇದು ನೀರಿನಂತೆ ನಿರುಪದ್ರವಿಯಲ್ಲ, ನಿಜವಾಗಿ ಕೆಲಸ ಮಾಡುತ್ತದೆ. ಅಳತೆ ತಪ್ಪಿದರೆ ಅದೇ ತೊಂದರೆ. ಒಂದು ಟೀ ಚಮಚ ಸೋಡಾದಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇರುತ್ತದೆ. ವಯಸ್ಕರಿಗೆ ಇಡೀ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೃದಯ ವೈಫಲ್ಯ, ಅಧಿಕ ರಕ್ತದೊತ್ತಡ, ಕಿಡ್ನಿ ಕಾಯಿಲೆ ಇರುವವರಲ್ಲಿ ಈ ಸೋಡಿಯಂ ಕಾಲೂತ, ಉಸಿರಾಟದ ತೊಂದರೆ ತರಬಹುದು. ಕ್ಷಾರ ಹೆಚ್ಚಾದರೆ ಪೊಟ್ಯಾಸಿಯಂ ಇಳಿದು ಹೃದಯ ಬಡಿತದ ಲಯ ತಪ್ಪಬಹುದು. ಎಷ್ಟು ಮಾತ್ರೆ, ಎಷ್ಟು ದಿನ ಎಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕು.

ಭೇದಿ, ವಾಂತಿ ಮತ್ತು ಡ್ರಿಪ್

ಭೇದಿಯಲ್ಲಿ ಕರುಳಿನಿಂದ ಬೈಕಾರ್ಬೊನೇಟ್ ಹೊರಹೋಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ. ಜೋರು ವಾಂತಿಯಲ್ಲಿ ಹೊಟ್ಟೆಯ ಆಮ್ಲ ಹೋಗುತ್ತದೆ, ರಕ್ತ ಕ್ಷಾರದ ಕಡೆ ವಾಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಆರ್‌ಎಸ್ ಪೊಟ್ಟಣದಲ್ಲಿ ಉಪ್ಪು, ಗ್ಲೂಕೋಸ್, ಪೊಟ್ಯಾಸಿಯಂ ಜೊತೆಗೆ ಸಿಟ್ರೇಟ್ ಇರುತ್ತದೆ. ದೇಹ ಅದನ್ನು ಬೈಕಾರ್ಬೊನೇಟ್ ಆಗಿ ಬದಲಿಸಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು ಎನ್ನುವುದು ಈ ಅಳತೆ ಕೆಡಬಾರದೆಂದೇ.

ಆಸ್ಪತ್ರೆಯ ಸಲೈನ್ ಡ್ರಿಪ್‌ಗೂ ಇಲ್ಲಿ ಜಾಗವಿದೆ. ರಕ್ತದಲ್ಲಿನ ಸೋಡಿಯಂ, ಕ್ಲೋರೈಡ್ ಮುಂತಾದವುಗಳ ಅನುಪಾತ ಬದಲಾದರೆ ನೀರಿನ ಅಣುಗಳು ಒಡೆಯುವ ಪ್ರಮಾಣವೂ ಬದಲಾಗುತ್ತದೆ ಎಂದು ಪೀಟರ್ ಸ್ಟುವರ್ಟ್ ಎಂಬ ವಿಜ್ಞಾನಿ 1981ರಲ್ಲಿ ವಿವರಿಸಿದರು. ಸಲೈನ್‌ನಲ್ಲಿ ಕ್ಲೋರೈಡ್ ರಕ್ತದಲ್ಲಿರುವುದಕ್ಕಿಂತ ಹೆಚ್ಚು. ಬಹಳ ಬಾಟಲಿ ಕೊಟ್ಟಾಗ ಆಮ್ಲತೆ ಸ್ವಲ್ಪ ಏರಬಹುದು. ವೈದ್ಯರು ಮಧ್ಯೆ ಬೇರೆ ಡ್ರಿಪ್‌ಗೆ ಬದಲಿಸಿದರೆ ಇದೂ ಒಂದು ಕಾರಣವಿರಬಹುದು.

ಯಾವಾಗ ತಡ ಮಾಡಬಾರದು?

ಈ ಕೆಳಗಿನ ಯಾವುದಾದರೂ ಕಂಡರೆ ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ:

• ಮಧುಮೇಹ ಇರುವವರಿಗೆ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಹೆಚ್ಚಿಲ್ಲದಿದ್ದರೂ ಕೀಟೋ ಆಮ್ಲತೆ ಬರಬಹುದು. ಗ್ಲುಕೋಮೀಟರ್ ನೋಡಿ ಸಮಾಧಾನಪಡಬೇಡಿ.

• ಕಿಡ್ನಿ ಕಾಯಿಲೆ ಇರುವವರಿಗೆ ಹೊಸದಾಗಿ ಉಸಿರುಗಟ್ಟುವುದು, ವಿಪರೀತ ನಿತ್ರಾಣ, ಗೊಂದಲ, ಎದೆಬಡಿತದಲ್ಲಿ ಏರುಪೇರು.

• ಸಿಒಪಿಡಿ ಇರುವವರಿಗೆ ಅತಿಯಾದ ತೂಕಡಿಕೆ, ಬೆಳಗ್ಗೆ ತಲೆನೋವು, ಮಾತು ತೊದಲುವುದು.

• ಭೇದಿಯಾದ ಮಗು ಅಥವಾ ವೃದ್ಧರು ಮೂತ್ರ ಮಾಡದಿರುವುದು, ಜೋರಾಗಿ ಉಸಿರಾಡುವುದು, ಕರೆದರೆ ಸ್ಪಂದಿಸದಿರುವುದು.

ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಸೇರುತ್ತಿಲ್ಲ ಎಂದು ಅದನ್ನು ತಾವಾಗಿ ಪೂರ್ತಿ ನಿಲ್ಲಿಸಬಾರದು. ಫೋನ್ ಮಾಡಿ ವೈದ್ಯರ ಸಲಹೆ ಕೇಳಿ.

ವೈದ್ಯರನ್ನು ಏನು ಕೇಳಬೇಕು?

ಮುಂದಿನ ಭೇಟಿಗೆ ಹಳೆಯ ವರದಿಗಳನ್ನೂ ಜೊತೆಗೆ ಒಯ್ಯಿರಿ. ಈ ನಾಲ್ಕು ಪ್ರಶ್ನೆ ಸಾಕು: ಬೈಕಾರ್ಬೊನೇಟ್ ಈಗ ಎಷ್ಟಿದೆ, ಹಿಂದೆ ಎಷ್ಟಿತ್ತು? ಆಮ್ಲತೆಗೆ ಕಾರಣ ಕಿಡ್ನಿಯೇ, ಉಸಿರೇ, ಸಕ್ಕರೆಯೇ? ಮಾತ್ರೆ ಬೇಕೆ, ಅದರ ಸೋಡಿಯಂ ನಮ್ಮ ರೋಗಿಗೆ ತೊಂದರೆಯೇ? ದಿನಕ್ಕೆ ಒಟ್ಟು ಎಷ್ಟು ನೀರು ಕುಡಿಯಬಹುದು?

ಕೊನೆಯ ಪ್ರಶ್ನೆ ಮುಖ್ಯ. ಡಯಾಲಿಸಿಸ್‌ನಲ್ಲಿರುವವರಿಗೂ ಹೃದಯ ವೈಫಲ್ಯ ಇರುವವರಿಗೂ ನೀರಿನ ಪ್ರಮಾಣವೇ ಅಪಾಯ ತರಬಹುದು. ಪಿಎಚ್ 9 ಎಂಬ ಕಾರಣಕ್ಕೆ ದಿನಕ್ಕೆ ಮೂರು ಲೀಟರ್ ಕುಡಿಸಿದರೆ ಆಮ್ಲ ಇಳಿಯುವುದಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಖನಿಜ ಸೇರಿಸಿದ ನೀರಾದರೆ ಅದರಲ್ಲಿ ಪೊಟ್ಯಾಸಿಯಂ ಎಷ್ಟಿದೆ ಎಂದೂ ನೋಡಬೇಕು.

ಕುಡಿಯುವ ನೀರು ಶುದ್ಧವಾಗಿರಲಿ, ವೈದ್ಯರು ಹೇಳಿದ ಅಳತೆಯಲ್ಲಿರಲಿ. ಯಂತ್ರಕ್ಕೆ ಹಾಕಬೇಕೆಂದುಕೊಂಡ ಹಣ ಸಮಯಕ್ಕೆ ಸರಿಯಾದ ಡಯಾಲಿಸಿಸ್‌ಗೆ, ಔಷಧಿಗೆ, ತಪ್ಪದೆ ಮಾಡಿಸುವ ರಕ್ತಪರೀಕ್ಷೆಗೆ ಹೋಗಲಿ. ರೋಗಿಯ ರಕ್ತದ ಪಿಎಚ್ ಅನ್ನು ಕಾಪಾಡುವುದು ಅವೇ.

ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಚಿಕಿತ್ಸೆಯಲ್ಲಿ ಯಾವ ಬದಲಾವಣೆ ಮಾಡುವುದಿದ್ದರೂ ನಿಮ್ಮನ್ನು ನೋಡುತ್ತಿರುವ ವೈದ್ಯರನ್ನು ಕೇಳಿಯೇ ಮಾಡಿ.